ಬಾಯಿಗೆ ಮುಟ್ಟಿಸಿದ ಫೈಲುಗಳು

ಸಗಿನ್ ಬಾಯ್ಕೆ ಕೆಲಸ ಮಾಡುತ್ತಿದ್ದ ಟ್ರಾಲಿಬಸ್ ಡಿಪೋ ಮುಚ್ಚಿದಾಗ ಅವರಿಗೆ ಐವತ್ತೊಂಬತ್ತು. ಮೊಮ್ಮಕ್ಕಳನ್ನು ಆಡಿಸಿಕೊಂಡಿರುವುದು ಬಿಟ್ಟು, ಹಟ ಹಿಡಿದು ಕೋಡ್ ಬರೆಯಲು ಕಲಿತು, ಲಾರಿಯವರಿಗೆ ದಾರಿಯ ಸ್ಥಿತಿ ತಿಳಿಸುವ ಆಪ್ ನಡೆಸುವ ಬಿಷ್ಕೆಕ್‌ನ ನಮ್ಮ ಆಫೀಸಿಗೆ ಬಂದರು. ಹಿರಿಯರೆಂದು ಎಲ್ಲರೂ ಬಾಯ್ಕೆ, ಅಂದರೆ ಅಣ್ಣಾ, ಎನ್ನುತ್ತಿದ್ದೆವು. ಅವರ ಮೂರು ತಿಂಗಳ ಪರೀಕ್ಷೆಯ ಅವಧಿ ಆ ಶುಕ್ರವಾರ ಮುಗಿಯುವುದಿತ್ತು. ಅವರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಹೇಳಬೇಕಾದವಳು ನಾನು.

ಅಂದು ಬೆಳಿಗ್ಗೆಯೇ ಮೆದೆರ್ ಸಿಡಿಮಿಡಿಗುಟ್ಟುತ್ತ ಬಂದ. ಅವನು ಕಂಪನಿಯ ಯಜಮಾನ, ಆದರೆ ನನಗಿಂತ ಚಿಕ್ಕವನು. ಎಜೆ, ಅಂದರೆ ಅಕ್ಕಾ, ಎಂದೇ ಕರೆಯುತ್ತಾನೆ.

"ಎಜೆ, ಹಿಮ ಬಿದ್ದು ಘಾಟಿ ಮುಚ್ಚಿದೆ, ನಮ್ಮ ಆಪ್ ಮಾತ್ರ ದಾರಿ ತೆರೆದಿದೆ ಅಂತಿದೆ! ಲಾರಿಯವ್ರು ಅರ್ಧ ದಾರಿಯಿಂದ ವಾಪಸ್ ಬಂದು ನನ್ನ ಜನ್ಮ ಜಾಲಾಡ್ತಿದಾರೆ. ಆ ಘಾಟಿಯ ಫೈಲನ್ನ ಕೊನೆಗೆ ಮುಟ್ಟಿದ್ದು ನಿಮ್ಮ ಬಾಯ್ಕೆನೇ. ನಿನ್ನೆ ಒಂದೇ ದಿನ ಅವ್ರ ಹೆಸರಲ್ಲಿ ಇನ್ನೂರ ಹನ್ನೆರಡು ಫೈಲ್ ಒಳಗೆ ಹೋಗಿವೆ. ಇವತ್ತೇ ಕಳಿಸ್ಬಿಡಿ."

ನಮ್ಮ ಕೋಡ್ ಇರುವ ಭಂಡಾರ ಹಳೇ ಕಾಲದ್ದು. ಫೈಲನ್ನು ಕೈಗೆ ತೆಗೆದುಕೊಂಡು ಮರಳಿ ಒಪ್ಪಿಸಿದರೆ ಸಾಕು, ಒಂದಕ್ಷರ ಬದಲಾಗದಿದ್ದರೂ ಹೊಸ ಆವೃತ್ತಿಯೆಂದು ನಿಮ್ಮ ಹೆಸರು ಬರೆದುಕೊಳ್ಳುತ್ತದೆ. ಬದಲಾಗದವು ಹಾಗೇ ಉಳಿಯಲಿ ಎಂದರೆ ಒಂದು ಟಿಕ್ ಹಾಕಬೇಕು. ಅದನ್ನು ಅವರಿಗೆ ನಾನು ಹೇಳಿಕೊಟ್ಟೇ ಇರಲಿಲ್ಲ.

"ಬಾಯ್ಕೆ, ನಿನ್ನೆ ಎಷ್ಟು ಫೈಲ್ ಬದಲಾಯಿಸಿದ್ರಿ?"

"ಒಂದೇ, ಮಗಳೇ."

"ಮತ್ತೆ ಉಳಿದ ಇನ್ನೂರ ಹನ್ನೊಂದು?"

"ತೆಗ್ದು ಓದಿ, ಮರಳಿ ಒಪ್ಪಿಸ್ದೆ. ಒಬ್ರ ಮನೆ ಬಾಗಿಲು ತೆಗೆಸಿದ ಮೇಲೆ ಹಾಗೇ ಬರೋಕಾಗುತ್ತಾ? ಹೊಟ್ಟೆ ತುಂಬಿದ್ರೂ ರೊಟ್ಟಿ ಒಂದು ಚೂರು ಬಾಯಿಗೆ ಮುಟ್ಟಿಸಿಯೇ ಹೋಗ್ಬೇಕು. ನಿಮ್ಮಮ್ಮ ನಿಂಗಿಷ್ಟೂ ಕಲಿಸಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಬಸ್ಸು ತಪ್ಪಿದರೂ ಚಿಂತೆಯಿಲ್ಲ, ನಮ್ಮಮ್ಮ ಒಂದು ಚೂರು ರೊಟ್ಟಿ ತಿನ್ನಿಸದೆ ಯಾರನ್ನೂ ಹೊಸ್ತಿಲು ದಾಟಿಸುವವಳಲ್ಲ.

ಘಾಟಿಯ ಫೈಲು ತೆರೆದು ಬಾಯ್ಕೆ ಒಪ್ಪಿಸಿದ್ದನ್ನು ಅದರ ಹಿಂದಿನದರ ಪಕ್ಕ ಇಟ್ಟು ನೋಡಿದೆ. ಒಂದು ಚುಕ್ಕೆಯೂ ಬೇರೆ ಇರಲಿಲ್ಲ. ಹಾಗಾದರೆ ತಪ್ಪು ಅದಕ್ಕೂ ಮೊದಲಿನದು. ಇನ್ನೂ ಒಂದು ಹೆಜ್ಜೆ ಹಿಂದೆ ಹೋದೆ. ನಲವತ್ತು ಸೆಂಟಿಮೀಟರ್ ಹಿಮ ಬಿದ್ದರೆ ಘಾಟಿ ಮುಚ್ಚಬೇಕಾದಲ್ಲಿ ಯಾರೋ ನಾನೂರು ಎಂದು ಬರೆದಿದ್ದರು. ಬೇಸಿಗೆಯಲ್ಲಿ ಬರೆದದ್ದು, ಈ ವರ್ಷದ ಮೊದಲ ದೊಡ್ಡ ಹಿಮದವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಪಕ್ಕದಲ್ಲಿದ್ದ ಹೆಸರು ನನ್ನದು.

ನನ್ನ ಕಿವಿ ಬಿಸಿಯಾಯಿತು. ಸುಳ್ಳು ಯಾಕೆ ಹೇಳಲಿ, ಪರದೆ ಮುಚ್ಚಿ ಸುಮ್ಮನಿದ್ದುಬಿಡೋಣ ಅಂತಲೂ ಅನಿಸಿತು. ಮೆದೆರ್ ನೋಡುವುದು ಎಲ್ಲಕ್ಕಿಂತ ಮೇಲಿರುವ ಹೆಸರಷ್ಟೇ.

ಬಾಯ್ಕೆ ನನ್ನ ಹಿಂದೆಯೇ ನಿಂತಿದ್ದರು. ಎಲ್ಲವನ್ನೂ ಓದಿಕೊಂಡಿದ್ದರು.

"ಇರ್ಲಿ ಬಿಡು ಮಗಳೇ," ಎಂದರು ಮೆಲ್ಲಗೆ. "ಮೇಲೆ ನನ್ನ ಹೆಸರಿದೆಯಲ್ಲ. ನಾನು ಹೇಗೂ ಹೋಗೋನು, ನೀನು ಇಲ್ಲೇ ಇರೋಳು."

ಅಷ್ಟು ಕೇಳಿದ್ದೇ ತಡ, ಎದ್ದು ಮೆದೆರ್ ಕೋಣೆಗೆ ಹೋದೆ. "ತಪ್ಪು ನನ್ನದು. ಕಳಿಸೋದಾದ್ರೆ ನನ್ನ ಕಳಿಸು."

ಮೆದೆರ್ ತಲೆ ಕೆರೆದುಕೊಂಡ. "ನಿಮ್ಮನ್ನ ಕಳಿಸಿದ್ರೆ, ನಿಮ್ಮನ್ನ ಮಗಳ ಥರ ನೋಡೋ ನಮ್ಮಮ್ಮ ನನ್ನ ಮನೆಗೇ ಸೇರಿಸಲ್ಲ ಎಜೆ. ಹೋಗಿ, ಮೊದ್ಲು ಸರಿ ಮಾಡಿ."

ನಾನೂರನ್ನು ನಲವತ್ತು ಮಾಡಿದೆ. ಟಿಕ್ ಹಾಕುವುದು ಎಲ್ಲೆಂದು ಬಾಯ್ಕೆಗೆ ತೋರಿಸಿ, ಅವರ ಕಣ್ಣೆದುರೇ ಒಪ್ಪಿಸಿದೆ. ಘಾಟಿಯ ಫೈಲಿನ ಮೇಲಿದ್ದ ಅವರ ಹೆಸರು ಕೆಳಗಿಳಿದು ನನ್ನದು ಮೇಲೆ ಬಂತು.

"ಹಾಗಾದ್ರೆ ಇನ್ಮುಂದೆ ಓದಿ ಸುಮ್ನೆ ಬಂದ್ಬಿಡೋದಾ?" ಬಾಯ್ಕೆಗೆ ಇನ್ನೂ ಸಮಾಧಾನವಿರಲಿಲ್ಲ.

"ಫೈಲ್‌ನಿಂದ ಸುಮ್ನೆ ಬನ್ನಿ. ಸೋಮವಾರ ಮಾತ್ರ ರೊಟ್ಟಿ ತನ್ನಿ ಬಾಯ್ಕೆ, ಈ ಮೇಜಿನ ಮೇಲೇ ಮುರಿಯೋಣ."

"ಸೋಮವಾರ?" ಎಂದರು ಅವರು, ಮತ್ತು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.