ಎಂಟು ದಿನದ ಮಾಮನ ಬಾಗಿಲು

ಅಪ್ಪ ಬಿಟ್ಟುಹೋದ ದೊಡ್ಡ ಮನೆಯನ್ನು ನಾಲ್ಕು ಫ್ಲ್ಯಾಟು ಮಾಡೋಣ ಎಂದು ಮೊದಲು ಬಾಯಿಬಿಟ್ಟವಳು ನಾನೇ. ಅಣ್ಣ, ತಮ್ಮ, ತಂಗಿ ಮೂವರಿಗೂ ಆಸೆ ಇತ್ತು, ಕೆಟ್ಟವರಾಗುವ ಧೈರ್ಯ ಇರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವ ನನಗೆ ಕೆಟ್ಟವಳಾಗುವುದು ಹೊಸದೇನಲ್ಲ.

ನನಗೆ ಬೇಕಾಗಿದ್ದದ್ದು ನನ್ನದೇ ಅಂತ ಒಂದು ಕೆಲಸದ ಕೋಣೆ. ಮದುವೆಯಾಗದವಳಿಗೆ ಮನೆಯ ಎಲ್ಲ ಕೋಣೆಯೂ ತನ್ನದೇ, ಯಾವುದೂ ತನ್ನದಲ್ಲ. ಅಜ್ಜಿಯ ಕೆಮ್ಮು, ತಂಗಿಯ ಬಾಣಂತನ, ಅಣ್ಣನ ಮಕ್ಕಳ ಪರೀಕ್ಷೆ, ಎಲ್ಲದರ ಜೊತೆಗೂ ಮಲಗಿ ಎದ್ದಿದ್ದೇನೆ. ಬೀದಿಯ ಅರ್ಧ ಹೆಂಗಸರ ಬಟ್ಟೆ ಹೊಲಿಯುವ ನನ್ನ ಮಷೀನು ಇಷ್ಟು ವರ್ಷವೂ ಮೆಟ್ಟಿಲ ತಿರುವಿನಲ್ಲೇ ಇತ್ತು. ಹೋಗುವವರು ಬರುವವರು ಬಟ್ಟೆ ತುಳಿದುಕೊಂಡೇ ಓಡಾಡುತ್ತಿದ್ದರು.

ಅದೇ ಮೆಟ್ಟಿಲ ಕೆಳಗೆ ಮಾಮನ ಮಂಚ. ಮಾಮ ನಮಗೆ ರಕ್ತಸಂಬಂಧಿಯಲ್ಲ, ಅಪ್ಪನ ಗೆಳೆಯ. ಫೋಟೋಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ ಅವನದು. ನಾನು ಫ್ರಾಕ್ ಹಾಕುತ್ತಿದ್ದ ಕಾಲದಲ್ಲಿ "ಎಂಟು ದಿನ ಇದ್ದು ಹೋಗ್ತೀನಿ" ಅಂತ ಬಂದವನು ಇದ್ದೇಬಿಟ್ಟ. ಹಾಗಾಗಿ ಎಲ್ಲರ ಬಾಯಲ್ಲೂ ಎಂಟು ದಿನದ ಮಾಮ. ನಲ್ಲಿ ಸೋರಿದರೆ ಮಾಮ, ಮಗುವಿಗೆ ಜ್ವರ ಬಂದರೆ ಮಾಮ, ಅಪ್ಪ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂತವನೂ ಮಾಮನೇ.

ಅಳತೆಯ ದಿನ ಇಂಜಿನಿಯರಮ್ಮ ಟೇಪಿನ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಅವನ ಕೈಯಲ್ಲಿ. ಹೊಸ ಗೋಡೆ ಎಲ್ಲಿ, ಯಾರ ಅಡುಗೆಮನೆ ಎಲ್ಲಿ ಎಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದವನೂ ಅವನೇ. ನನ್ನ ಪಾಲಿಗೆ ಬಂದ ಹಿಂದಿನ ಕೋಣೆಯಲ್ಲಿ ನಿಂತು, "ಸೂಜಿ, ಮಷೀನು ಈ ಕಿಟಕಿ ಪಕ್ಕ ಇಡು. ಎಡಗಡೆಯಿಂದ ಬೆಳಕು ಬರುತ್ತೆ" ಎಂದ. ಸೂಜಿ ಎಂದರೆ ನಾನು. ಹೊಲಿಗೆಗಿಂತ ಹೆಚ್ಚಾಗಿ ನಾಲಿಗೆಯ ದೆಸೆಯಿಂದ ಬಂದ ಹೆಸರು.

ಮೆಟ್ಟಿಲ ಕೆಳಗೆ ಬಂದಾಗ ಇಂಜಿನಿಯರಮ್ಮ ಕೇಳಿದಳು: "ಇಲ್ಲಿ ಕರೆಂಟ್ ಮೀಟರ್‌ಗಳು ಬರ್ತವೆ. ಈ ಮಂಚ ಇವರದಾ? ಇವರು ಯಾರ ಫ್ಲ್ಯಾಟಲ್ಲಿ ಇರ್ತಾರೆ?"

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ತಂಗಿಯ ಮುಖ ನೋಡಿದ. ತಂಗಿ ಸೂರು ನೋಡಿದಳು. ಮಾಮ ಇನ್ನೊಬ್ಬರ ಜೊತೆ ಇರುತ್ತಾನೆ ಎಂದುಕೊಂಡೇ ಪ್ರತಿಯೊಬ್ಬರೂ ತಿಂಗಳುಗಟ್ಟಲೆ ನಕ್ಷೆ ತಿದ್ದಿಸಿದ್ದೆವು.

"ನನ್ನ ಯೋಚನೆ ಬಿಡಿ," ಎಂದ ಮಾಮ, ಟೇಪು ಸುತ್ತುತ್ತಾ. "ಅಂಗಡಿ ಮೇಲೆ ಒಂದು ರೂಮು ನೋಡ್ಕೊಂಡಿದೀನಿ."

ಅವನ ಅಂಗಡಿಯ ಮೇಲೆ ತಗಡಿದೆ. ತಗಡಿನ ಮೇಲೆ ಆಕಾಶವಿದೆ. ಅದು ನಮ್ಮ ನಾಲ್ವರಿಗೂ ಗೊತ್ತು. ಆದರೂ "ಹಾಗಾದ್ರೆ ಒಳ್ಳೇದಾಯ್ತು ಮಾಮ" ಎಂದುಬಿಟ್ಟ ಅಣ್ಣ. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಕಿಟಕಿ ಇರುವ ಆ ಕೋಣೆ ನನಗೆ ಅಷ್ಟು ಬೇಕಾಗಿತ್ತು.

ಕೆಲಸ ಶುರುವಾಯಿತು. ಆ ಹಿಂದಿನ ಕೋಣೆಗೆ ಅಂಗಳದ ಕಡೆ ಒಂದು ಹಳೆಯ ಬಾಗಿಲಿತ್ತು, ಪಕ್ಕದಲ್ಲೇ ಬಚ್ಚಲು. ನನಗೆ ಮುಂಬಾಗಿಲು ಇದ್ದೇ ಇದೆಯಲ್ಲ, ಈ ಹಳೆಯದನ್ನು ಮುಚ್ಚಿಸುವುದೆಂದು ತೀರ್ಮಾನ. ಒಂದು ಬೆಳಿಗ್ಗೆ ಮೇಸ್ತ್ರಿ ಅಲ್ಲಿ ಇಟ್ಟಿಗೆ ಕಟ್ಟುತ್ತಿದ್ದಾಗ ಮಾಮ ತನ್ನ ಸಾಮಾನು ಹೊತ್ತು ಬಂದ. ಒಂದು ಟ್ರಂಕು, ಸುತ್ತಿದ ಹಾಸಿಗೆ, ಅಷ್ಟೇ.

"ಹೋಗೋಕೆ ಮುಂಚೆ ನಿನ್ನ ಮಷೀನು ಒಳಗಿಟ್ಟುಬಿಡ್ತೀನಿ," ಎಂದ. "ಆಮೇಲೆ ನಿನ್ನೊಬ್ಬಳ ಕೈಲಿ ಎತ್ತೋಕಾಗಲ್ಲ."

ನಾಚಿಕೆಯಾದರೆ ನನಗೆ ಬರುವುದು ಸಿಟ್ಟು.

"ಮೇಸ್ತ್ರಿ, ಕಟ್ಟಿದ್ದು ತೆಗಿ!"

"ಅಕ್ಕಾ, ಸೊಂಟದ ತನಕ ಬಂದಿದೆ!"

"ಬರಲಿ. ಸಿಮೆಂಟ್ ಇನ್ನೂ ಹಸಿ ಇದೆ, ತೆಗಿ. ಅವೇ ಇಟ್ಟಿಗೆ ತಗೊಂಡು, ನನ್ನ ಮಲಗೋ ಕೋಣೆಗೂ ಇದಕ್ಕೂ ಮಧ್ಯ ಇರೋ ಬಾಗಿಲು ಮುಚ್ಚು."

"ಹಾಗೆ ಮಾಡಿದ್ರೆ ಇದು ನಿಮ್ಮ ಫ್ಲ್ಯಾಟಿಗೆ ಸೇರಲ್ಲ ಅಕ್ಕಾ. ಬೇರೆ ಮನೇನೇ ಆಗೋಗುತ್ತೆ."

"ಆಗಲಿ ಅಂತಲೇ ಬಡ್ಕೊಳ್ತಿರೋದು! ಈ ಮೂಲೇಲಿ ಒಲೆಗೊಂದು ಕಟ್ಟೆ, ಪಕ್ಕದಲ್ಲಿ ನಲ್ಲಿ. ಇಂಜಿನಿಯರಮ್ಮನಿಗೆ ಐದನೇ ಮೀಟರ್ ಹಾಕೋಕೆ ಹೇಳು."

ಮಾಮ ಹಾಸಿಗೆ ಕೆಳಗಿಟ್ಟ. "ಹುಚ್ಚಿ, ಈ ಮನೇಲಿ ನನಗೆ ಪಾಲಿಲ್ಲ ಕಣೇ."

"ನನಗಿದೆ. ಅದನ್ನೇನು ಮಾಡ್ತೀನಿ ಅನ್ನೋದು ನನ್ನಿಷ್ಟ. ನನ್ನ ಜೊತೆ ಇರು ಅಂತ ಕರೀತಿಲ್ಲ, ನಿನ್ನ ಗೊರಕೆ ನನ್ನ ಕೈಲಿ ಕೇಳೋಕಾಗಲ್ಲ. ನಿನ್ನ ಬಾಗಿಲು ನಿಂದು, ನಿನ್ನ ಚಿಲಕ ನಿಂದು."

"ಮತ್ತೆ ಮಷೀನು?"

"ನನ್ನ ಮಂಚದ ಪಕ್ಕ ಇರುತ್ತೆ. ಬೆಳಕು ಬಲಗಡೆಯಿಂದ ಬಂದ್ರೂ ಹೊಲಿಗೆ ಬೀಳುತ್ತೆ."

ಆ ಕಿಟಕಿಯ ಆಸೆ ಹೋಗಿರಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ.

ಮಾಮ ಜೇಬಿನಿಂದ ಟೇಪು ತೆಗೆದ. ತಾನೇ ಅಳೆದು ಗೆರೆ ಹಾಕಿದ್ದ ಕೋಣೆಯನ್ನು ಗೋಡೆಯಿಂದ ಗೋಡೆಗೆ ಮತ್ತೆ ಅಳೆಯಲು ಹೊರಟ. ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ, ನಾನೇ ಹೋಗಿ ಹಿಡಿದೆ.

ಅಳೆದಾದ ಮೇಲೆ ಕನ್ನಡಕ ಒರೆಸಿಕೊಂಡು, ಕಿಟಕಿಯ ಕಡೆ ತಿರುಗಿ ಹೇಳಿದ:

"ಆಯ್ತು ಬಿಡು ಸೂಜಿ. ಎಂಟು ದಿನ ಇದ್ದು ನೋಡ್ತೀನಿ."