ಸೊನ್ನೆ ಡ್ರೈವರು

“ತಿರುಗಿಸು ಅಂದ್ರೆ ತಿರುಗಿಸು. ಉಪದೇಶ ಆಮೇಲೆ ಮಾಡು,” ಎಂದು ಮಗಳು ಎತ್ತಿ ನಿಲ್ಲಿಸಿದ ಬಾನೆಟ್ಟಿನ ಹಿಂದಿನಿಂದಲೇ ಕೂಗಿದಳು.

ಎಂಜಿನ್ ಓಡುತ್ತಿತ್ತು. ವೋಲ್ಟೇಜ್ ಅಳೆಯುವ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಕಾರಿನ ಮೈಯಲ್ಲಿ ಬಣ್ಣವಿಲ್ಲದ ಒಂದು ಸ್ಕ್ರೂವಿಗೂ ಒತ್ತಿ ಹಿಡಿದು ಅವಳು ಬಗ್ಗಿದ್ದಳು. ಲ್ಯಾಬಿನಲ್ಲಿ ಯಂತ್ರ ರಿಪೇರಿ ಮಾಡುವವನ ಹತ್ತಿರ ಎರಡು ದಿನದ ಮಟ್ಟಿಗೆ ಕೇಳಿ ತಂದ ಮೀಟರು ಅದು. ಹೇಗೆ ಹಿಡಿಯಬೇಕು, ಅಂಕಿ ಎಷ್ಟಕ್ಕಿಂತ ಮೇಲೆ ಹೋದರೆ ದೋಷ ಎಂದು ಅವನು ಚೀಟಿಯಲ್ಲಿ ಬರೆದುಕೊಟ್ಟಿದ್ದ.

“ಸ್ಟೀರಿಂಗ್ ಇರೋದು ಇಲ್ಲಿ, ನೀನು ಹುಡುಕ್ತಿರೋದು ಅಲ್ಲಿ,” ಎಂದ ಅಪ್ಪ ಡ್ರೈವರ್ ಸೀಟಿನಿಂದ. “ಹಲ್ಲು ನೋವು ಅಂದ್ರೆ ಮೊಣಕಾಲು ಒತ್ತಿದ ಹಾಗಾಯ್ತು.”

“ಇದು ನಿನ್ನ ಬಸ್ಸಲ್ಲ. ಇದರ ಸ್ಟೀರಿಂಗಿಗೆ ಮೋಟಾರಿದೆ. ಮೋಟಾರಿಗೆ ಕರೆಂಟ್ ಬೇಕು. ತಿರುಗಿಸು.”

ಅಂಗಳದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಮ್ಮ ಕೂತಿದ್ದಳು. ಪ್ಲಾಸ್ಟರ್ ಹಾಕಿದ ಬಲಗೈ ಮಡಿಲಿನ ದಿಂಬಿನ ಮೇಲಿತ್ತು.

ಆ ಕೈ ಮುರಿದು ಐದು ವಾರವಾಗಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ತಾಯಿಮಗಳು ಹಿಂದಿರುಗುವಾಗ, ಓಣಿಯ ತಿರುವಿನಲ್ಲಿ ಅರ್ಧ ತಿರುಗಿದ ಸ್ಟೀರಿಂಗು ಇದ್ದಕ್ಕಿದ್ದಂತೆ ಕಲ್ಲಾಯಿತು. ಮಗಳು ಎರಡೂ ಕೈಯಲ್ಲಿ ಜಗ್ಗಿದಳು, ಬ್ರೇಕ್ ಒತ್ತಿದಳು. ಕಾರು ನೆಟ್ಟಗೆ ಹೋಗಿ ಲೈಟ್ ಕಂಬಕ್ಕೆ ಗುದ್ದಿತು. ಡ್ಯಾಶ್‌ಬೋರ್ಡಿಗೆ ಊರಿದ ಅಮ್ಮನ ಮಣಿಕಟ್ಟು ಮುರಿಯಿತು. ವರ್ಕ್‌ಶಾಪಿನವರು ಬಂಪರ್ ಬದಲಾಯಿಸಿ, ಕಂಪ್ಯೂಟರ್ ಹಚ್ಚಿ ನೋಡಿ, “ಗಾಡಿಯಲ್ಲಿ ಏನೂ ಇಲ್ಲ” ಎಂದು ಕೊಟ್ಟು ಕಳಿಸಿದರು. ಅಪ್ಪನಿಗೆ ಅಷ್ಟೇ ಸಾಕಾಯಿತು.

ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವನು. ನಿವೃತ್ತಿಯ ದಿನ ಕೊಟ್ಟ ಪ್ರಶಸ್ತಿಪತ್ರದಲ್ಲಿ ‘ಅಪಘಾತ’ ಎಂಬುದರ ಮುಂದೆ ಒಂದು ದೊಡ್ಡ ಸೊನ್ನೆಯಿತ್ತು. ಬೀದಿಯವರು ಅವನನ್ನು ಸೊನ್ನೆ ಡ್ರೈವರು ಎಂದೇ ಕರೆಯುತ್ತಿದ್ದರು, ಅವನೂ ಅದನ್ನು ಬಿರುದಿನಂತೆ ತೊಟ್ಟುಕೊಂಡಿದ್ದ. ಕಂಬಕ್ಕೆ ಗುದ್ದಿದ ಮೇಲೆ ಅವನು ಹಾಲಿನವನಿಂದ ಹಿಡಿದು ಫೋನ್ ಮಾಡಿದ ನೆಂಟರ ತನಕ ಎಲ್ಲರಿಗೂ ಒಂದೇ ಮಾತು ಒಪ್ಪಿಸುತ್ತಿದ್ದ: “ಗಾಡಿದೇನೂ ತಪ್ಪಿಲ್ಲ. ಹುಡುಗಿ ಕೈ ಸ್ವಲ್ಪ ಸಡಿಲ.”

ಹುಡುಗಿಗೆ ಮೂವತ್ತನಾಲ್ಕು ವರ್ಷ. ದಿನಾ ಬೆಳಿಗ್ಗೆ ಆರಕ್ಕೆ ಹೊರಟು, ಲ್ಯಾಬಿಗೆ ಬರಲಾಗದ ಮುದುಕರ ಮನೆಗಳಿಗೆ ಹೋಗಿ ರಕ್ತ ತೆಗೆದು ತರುವುದು ಅವಳ ಕೆಲಸ. ಬೇರೆಯವರು ಮೂರು ಸಲ ಚುಚ್ಚಿ ಸೋತ ತೋಳಿನಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ಅವಳ ಕೈ ಸಡಿಲವಂತೆ! ಕಾರಿನ ಕೀಲಿಯನ್ನು ಅಪ್ಪ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಐದು ವಾರದಿಂದ ಅವಳು ಸ್ಯಾಂಪಲ್ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ನಿಂತು ಓಡಾಡುತ್ತಿದ್ದಳು. ಇವತ್ತು ಭಾನುವಾರ, “ಕೀಲಿ ಕೊಡ್ತೀಯೋ, ಬೀರು ಒಡೀಲೋ” ಎಂದು ಬೆಳಿಗ್ಗೆಯೇ ನಿಂತದ್ದರಿಂದ ಅವನು ಕೊಟ್ಟಿದ್ದ. ಜತೆಗೆ ತಾನೂ ಬಂದು ಕೂತಿದ್ದ, ಏನೂ ಸಿಗುವುದಿಲ್ಲ ಎಂದು ತೋರಿಸಲು.

ಅಪ್ಪ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದ. ಮೀಟರಿನಲ್ಲಿ ಸೊನ್ನೆಯ ಹತ್ತಿರ ಮಲಗಿದ್ದ ಅಂಕಿ ಎದ್ದಿತು. ಎಡಕ್ಕೆ ಕೊನೆಯವರೆಗೆ ತಿರುಗಿಸುವಾಗ ಚೀಟಿಯಲ್ಲಿದ್ದ ಮಿತಿ ದಾಟಿ ಇನ್ನೂ ಮೇಲೆ ಜಿಗಿಯಿತು. ಎರಡನೆಯ ಸಲ ಬಲಕ್ಕೆ ಬರುವಾಗ ಒಳಗಿನಿಂದ ಬರುತ್ತಿದ್ದ ಸಣ್ಣ ಗುಂಯ್ ಸದ್ದು ಫಕ್ಕನೆ ನಿಂತಿತು. ಟೈರು ಅರ್ಧದಲ್ಲೇ ಉಳಿಯಿತು.

“ಗಟ್ಟಿ ಆಯ್ತಾ?” ಎಂದು ಅವಳು ಕೇಳಿದಳು.

“ಇಲ್ಲಪ್ಪ,” ಎಂದಿತು ಅಪ್ಪನ ದನಿ.

ಅವಳು ಬಾನೆಟ್ಟಿನ ಪಕ್ಕದಿಂದ ಇಣುಕಿದಳು. ಅಪ್ಪನ ಎರಡೂ ಕೈ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಮುಂಗೈಯ ನರಗಳು ಹಗ್ಗದಂತೆ ಉಬ್ಬಿದ್ದವು. ಅವಳು ಮೀಟರನ್ನು ಬ್ಯಾಟರಿಯ ಮೇಲೆ ಬಿಟ್ಟು ಕಿಟಕಿಯ ಹತ್ತಿರ ಬಂದಳು. ವೇಗದ ಮುಳ್ಳಿನ ಪಕ್ಕ ಹಳದಿ ದೀಪವೊಂದು, ಸ್ಟೀರಿಂಗಿನ ಪುಟ್ಟ ಚಿತ್ರವಿರುವ ದೀಪ, ಉರಿಯುತ್ತಿತ್ತು.

“ಇದೇನು?”

“ಏನೋ ದೀಪ.”

“ಗಟ್ಟಿ ಆಗಿಲ್ವಾ? ಹಾಗಾದ್ರೆ ತಿರುಗಿಸಿ. ಒಂದು ಕೈಲಿ ತಿರುಗಿಸಿ, ನೋಡೋಣ.”

ಸಿಟ್ಟು ನೆತ್ತಿಗೇರಿದಾಗ ಅವಳು ಅಪ್ಪನಿಗೆ ಬಹುವಚನ ಹಚ್ಚುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಅವನು ಎಂಜಿನ್ ಆರಿಸಿದ.

ಆಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವಳು ಬ್ಯಾಟರಿಯ ಎರಡೂ ವೈರು ಕಳಚಿ, ಅದನ್ನು ಎತ್ತಿ ಕೆಳಗಿಟ್ಟಳು. ಸಹಾಯಕ್ಕೆ ಕೈ ಚಾಚಿದ ಅಪ್ಪನನ್ನು “ಬೇಡ” ಎಂದು ತಡೆದಳು. ಮೈನಸ್ಸಿನಿಂದ ಹೊರಟ ದಪ್ಪ ಕಪ್ಪು ವೈರಿನ ಜಾಡು ಹಿಡಿದು ಬೆರಳು ಸರಿಸುತ್ತಾ ಹೋದಳು. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ, ಕಾರಿನ ಮೈಗೆ ವೈರನ್ನು ಬಿಗಿದ ಬೋಲ್ಟು ಸಿಕ್ಕಿತು. ಸ್ಪ್ಯಾನರ್ ಹಾಕಿ ಬಿಚ್ಚಿ, ವೈರಿನ ತುದಿಯ ಬಳೆಯನ್ನು ಪಕ್ಕಕ್ಕೆ ಸರಿಸಿದಳು.

ಬಳೆಯ ಅಡಿಯಲ್ಲಿ ಹೊಳೆಯುವ ಲೋಹವಿರಬೇಕಿತ್ತು. ಅಲ್ಲಿ ಹೊಳೆಯುತ್ತಿದ್ದುದು ಕಪ್ಪು ಬಣ್ಣ. ನುಣ್ಣಗೆ, ಎರಡು ಕೋಟು, ಒಂದು ಗೆರೆಯೂ ಆಚೀಚೆ ಆಗದಂತೆ ಬಳಿದದ್ದು. ಮನೆಯ ಕಿಟಕಿ ಸರಳುಗಳಿಗಿದ್ದ ಅದೇ ಬಣ್ಣ.

ಬ್ಯಾಟರಿ ಬದಲಾಯಿಸಿದ್ದು ಅಪ್ಪ. ಅದಕ್ಕೆ ನಾಲ್ಕು ತಿಂಗಳಾಗಿತ್ತು. ತಟ್ಟೆಯ ಕೆಳಗೆ ತುಕ್ಕು ಕಂಡು, ಉಜ್ಜಿ ತೆಗೆದು, ಬಣ್ಣ ಬಳಿದು, “ಇನ್ನು ಹತ್ತು ವರ್ಷ ಏನೂ ಆಗಲ್ಲ” ಎಂದು ಬೆನ್ನು ತಟ್ಟಿಕೊಂಡಿದ್ದ. ಬಣ್ಣ ದಾಟಲಾಗದೆ ಬೋಲ್ಟಿನ ಸುತ್ತುಗಳಲ್ಲಿ ಹೇಗೋ ನುಸುಳುತ್ತಿದ್ದ ಕರೆಂಟು, ಅಲ್ಲಿಗೂ ತುಕ್ಕು ಹಿಡಿದ ಮೇಲೆ, ಮೋಟಾರು ಹೆಚ್ಚು ಎಳೆದಾಗಲೆಲ್ಲ ಕೈಕೊಡುತ್ತಿತ್ತು.

“ಬನ್ನಿ,” ಎಂದಳು ಮಗಳು. “ನಿಮ್ಮ ಕೆಲಸ ನೋಡಿ ಬನ್ನಿ.”

ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಉಗುರಿನಿಂದ ಆ ಬಣ್ಣವನ್ನು ಕೆರೆದು ನೋಡಿದ.

“ಅರ್ತು,” ಎಂದ ಕೊನೆಗೆ, ತನಗೇ ಹೇಳಿಕೊಂಡಂತೆ. “ಅರ್ತಿನ ವೈರು ಕೂರೋ ಜಾಗಕ್ಕೇ ಬಳಿದುಬಿಟ್ಟಿದೀನಿ.”

“ಐದು ವಾರ! ಐದು ವಾರ ನನ್ನ ಕೈ ಸಡಿಲ ಅಂತ ಡಂಗುರ ಹೊಡೆದ್ರಿ. ಲ್ಯಾಬಲ್ಲಿ ‘ಸೂಜಿನಾದ್ರೂ ನೆಟ್ಟಗೆ ಹಿಡೀತೀಯ ತಾನೇ’ ಅಂತ ಆಡ್ಕೊಂಡು ನಕ್ಕರು. ನನಗೇ ಅನುಮಾನ ಬಂತು. ನಿದ್ದೆಯಲ್ಲೂ ಜಗ್ಗಿದೀನಿ ಆ ಸ್ಟೀರಿಂಗನ್ನ. ಈಗ, ಈಗ ಸೀಟಲ್ಲಿ ಕೂತು, ನಿಮ್ಮ ಕೈಲೇ ಗಟ್ಟಿಯಾದಾಗಲೂ ಇಲ್ಲ ಅಂದ್ರಿ!”

“ಬಿಡೇ, ಅವರಿಗೆ ಗೊತ್ತಾಯ್ತಲ್ಲ,” ಎಂದಳು ಅಮ್ಮ ಕುರ್ಚಿಯಿಂದ.

“ನೀನು ಸುಮ್ನಿರು. ಗುದ್ದುವಾಗ ಕಣ್ಣು ಮುಚ್ಕೊಂಡಿದ್ದೆ, ಏನೂ ನೋಡ್ಲಿಲ್ಲ ಅಂದವಳು ನೀನು.”

ಅಮ್ಮ ಪ್ಲಾಸ್ಟರಿನ ಅಂಚನ್ನು ಸವರಿದಳು. “ಮುಚ್ಕೊಂಡಿರಲಿಲ್ಲ,” ಎಂದಳು ಮೆಲ್ಲಗೆ. “ಆ ಹಳದಿ ದೀಪ ಅವತ್ತೂ ಬಂದಿತ್ತು. ನೀನು ಜಗ್ಗಿದ್ದೂ ನೋಡ್ದೆ.”

ಮಗಳ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

“ಇವರು ಬ್ಯಾಟರಿ ಬಿಚ್ಚಿ ಏನೇನೋ ಮಾಡಿದ್ದು ಗೊತ್ತಿತ್ತು. ಅದರಿಂದಲೇ ಇರಬೇಕು ಅನ್ನಿಸ್ತು. ಹೇಳಿದ್ರೆ ಕುಗ್ಗಿಹೋಗ್ತಾರೆ ಅಂತ... ಇವರಿಗೆ ಇರೋದು ಅದೊಂದು ಸೊನ್ನೆ. ನೀನು ಚಿಕ್ಕವಳು, ನಾಳೆ ಮರೆತುಬಿಡ್ತೀಯ ಅಂದ್ಕೊಂಡೆ.”

“ಅವರ ಸೊನ್ನೆ ಉಳೀಲಿ ಅಂತ ನನ್ನ ಲೆಕ್ಕಕ್ಕೆ ಒಂದು ಬರೆದ್ರಾ? ನೀವೂನಾ?”

ಅಮ್ಮನಿಗೆ ಅವಳು ಬಹುವಚನ ಹಚ್ಚಿದ್ದು ಅದೇ ಮೊದಲು. ಅಮ್ಮನ ಮುಖ ಹೊಡೆಸಿಕೊಂಡವಳ ಹಾಗಾಯಿತು. ಅಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಎಲ್ಲ ನೋಡಿದ್ದಳೆಂದು ಅವನಿಗೂ ಗೊತ್ತಿರಲಿಲ್ಲ.

ಅವಳು ಸ್ಯಾಂಡ್ ಪೇಪರ್ ತೆಗೆದುಕೊಂಡು ಉಜ್ಜಲು ತೊಡಗಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು. ಬೆರಳ ತುದಿ ಉರಿಯಿತು. ಕಪ್ಪು ಹೋಗಿ, ಕಂದು ಹೋಗಿ, ಬೆಳ್ಳಗೆ ಲೋಹ ಕಂಡಿತು. ಬೋಲ್ಟಿನ ಸುತ್ತುಗಳನ್ನೂ ವೈರಿನ ಬಳೆಯನ್ನೂ ಉಜ್ಜಿದಳು, ಬಿಗಿದಳು, ಬ್ಯಾಟರಿ ಕೂರಿಸಿದಳು. ಎಂಜಿನ್ ಚಾಲು ಮಾಡಿ ನಿಂತಲ್ಲೇ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಹತ್ತು ಸಲ ತಿರುಗಿಸಿದಳು. ಒಂದೇ ಬೆರಳಿಗೆ ತಿರುಗಿತು. ಹಳದಿ ದೀಪ ಬರಲಿಲ್ಲ. ಮೀಟರು ಹಿಡಿದು ನಿಂತಿದ್ದ ಅಪ್ಪ, ಯಾರೂ ಕೇಳದಿದ್ದರೂ, ಪ್ರತಿ ಸಲವೂ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿದ.

“ಯಾರ್ಯಾರ ಹತ್ರ ಹೇಳಿದ್ರಿ, ಅವರ ಹತ್ರ ಎಲ್ಲ ಹೇಳಿ,” ಎಂದಳು ಅವಳು ಕೆಳಗಿಳಿದು.

“ಹೇಳ್ತೀನಮ್ಮ.”

“ಈಗ. ನನ್ನೆದುರಿಗೆ.”

ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು ತನ್ನ ಅಕ್ಕನಿಗೆ ಫೋನ್ ಮಾಡಿದ. ಸುದ್ದಿಯನ್ನು ನೆಂಟರಿಗೆಲ್ಲ ಹಂಚಿದವಳು ಅವಳೇ. ಫೋನನ್ನು ಕಾರಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದ.

“ಅಕ್ಕಾ, ಆ ಕಾರು ಗುದ್ದಿದ್ದು... ತಪ್ಪು ಹುಡುಗೀದಲ್ಲ. ನಂದು. ವೈರು ಕೂರೋ ಜಾಗಕ್ಕೆ ನಾನೇ ಪೇಂಟ್ ಬಳಿದುಬಿಟ್ಟಿದ್ದೆ. ಅದಕ್ಕೇ ಸ್ಟೀರಿಂಗ್ ನಿಂತುಹೋಗಿದೆ.”

ಆ ಕಡೆಯಿಂದ ದೊಡ್ಡತ್ತೆಯ ದನಿ ಕರಗಿ ಬಂತು. “ಗೊತ್ತು ಕಣೋ ನಿನ್ನ ಗುಣ. ಮಗಳ ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದೀಯಲ್ಲ... ಇಂಥ ಅಪ್ಪ ಎಷ್ಟು ಜನಕ್ಕೆ ಸಿಗ್ತಾನೆ?”

“ಇಲ್ಲಕ್ಕಾ, ನಿಜವಾಗ್ಲೂ—”

“ಸಾಕು ಬಿಡೋ. ನಿನ್ನ ಕೈಲಿ ತಪ್ಪಾಗತ್ತೆ ಅಂದ್ರೆ ಯಾರು ನಂಬ್ತಾರೆ? ಅವಳಿಗೆ ಹೇಳು, ನಿಧಾನಕ್ಕೆ ಓಡಿಸು ಅಂತ.”

ಫೋನ್ ಕಟ್ಟಾಯಿತು. ಅಪ್ಪ ಅದನ್ನು ಹಿಡಿದುಕೊಂಡು ಮಗಳ ಕಡೆ ತಿರುಗಿದ. “ಇನ್ನೊಂದು ಸಲ ಮಾಡ್ತೀನಿ,” ಎಂದ.

ಅವಳು ಬಾನೆಟ್ಟನ್ನು ಧಡ್ಡನೆ ಹಾಕಿ, ಕಾರು ಹತ್ತಿ, ಗೇಟಿನಿಂದ ಹೊರಗೆ ತೆಗೆದಳು. ಮೊದಲ ತಿರುವು, ಎರಡನೆಯ ತಿರುವು, ಸ್ಟೀರಿಂಗು ಹೇಳಿದ ಮಾತು ಕೇಳಿತು. ಎಲ್ಲಿಗೆ ಎಂದು ಯೋಚಿಸಿರಲಿಲ್ಲ. ನಾಲ್ಕನೆಯ ಬೀದಿಯಲ್ಲಿ ಹೊಸ ಮನೆಯೊಂದಕ್ಕೆ ತಂದು ಸುರಿದ ಮರಳಿನ ಗುಡ್ಡೆಯ ಪಕ್ಕ ನಿಲ್ಲಿಸಿದಳು. ನಾಲ್ಕೂ ಗಾಜುಗಳನ್ನು ಒಂದೊಂದಾಗಿ ಏರಿಸಿದಳು. ಕೊನೆಯದು ಮುಚ್ಚಿಕೊಂಡ ಮೇಲೆ ಬಾಯಿ ತೆರೆದು ಕೂಗಿದಳು. ಅದರಲ್ಲಿ ಮಾತಿರಲಿಲ್ಲ. ಉಸಿರು ಮುಗಿಯುವ ತನಕ ಕೂಗಿ, ಉಸಿರೆಳೆದುಕೊಂಡು ಮತ್ತೆ ಕೂಗಿದಳು.

ಎದುರಿನ ಮನೆಯ ಎರಡನೆಯ ಮಹಡಿಯಲ್ಲಿ ಹೆಂಗಸೊಬ್ಬಳು ಒದ್ದೆ ಹಾಸು ಕೊಡವುತ್ತಿದ್ದಳು. ಏನೋ ಕೇಳಿಸಿತೆಂದು ಕೆಳಗೆ ಬಗ್ಗಿ ಬೀದಿಯ ಎರಡೂ ಕಡೆ ನೋಡಿದಳು. ಮರಳಿನ ಮೇಲೆ ಮಲಗಿದ್ದ ನಾಯಿ, ನಿಂತ ಕಾರು, ಬಿಸಿಲು. ಅವಳು ಹಾಸನ್ನು ತಂತಿಯ ಮೇಲೆ ಹರವಿ, ಒಂದು ಕ್ಲಿಪ್ಪು ಹಾಕಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆ ತುದಿಗೆ ನಡೆದಳು.