ಹನ್ನೆರಡನೆಯ ಸುತ್ತು

ನನ್ನ ಜಾಗಟೆಯ ಒಂದೇ ಪೆಟ್ಟಿಗೆ ಸಭಾಂಗಣದ ಹದಿನಾರು ಕಂಬಗಳು ಎರಡೆರಡು ಅಂಗುಲ ಸರಿದವು. ನಂಬದವರು ಹೋಗಿ ಅಳೆದು ನೋಡಬಹುದು.

ನಮ್ಮ ಭಾವ ಎಂಟು ವರ್ಷ ಕೂತು ಬರೆದ ಸಿಂಫನಿ ಅದು. ಪಿಟೀಲುಗಳೇ ನಾಲ್ಕುನೂರು. ಸರಿ, ನಲವತ್ತು. ಅವುಗಳ ನಡುವೆ ಚಾಪೆಯ ಮೇಲೆ ಮೃದಂಗದ ತಾತ. ಮೂರನೆಯ ಭಾಗದಲ್ಲಿ ಎಲ್ಲರೂ ಸುಮ್ಮನಾಗಿ, ತಾತ ಒಬ್ಬರೇ ಏಳೇಳು ಎಣಿಕೆಯ ಹನ್ನೆರಡು ಸುತ್ತು ನುಡಿಸಬೇಕು. ಅದು ಮುಗಿದೊಡನೆ ನನ್ನ ಜಾಗಟೆ. ಜಾಗಟೆ ಕೇಳಿದೊಡನೆ ಪಿಟೀಲುಗಳು. ವೃಂದದ ನಿರ್ದೇಶಕರಿಗೆ ಏಳರ ತಾಳ ತಿಳಿಯದು. ಜಾಗಟೆ ಬೀಳುವವರೆಗೆ ನಾಲ್ಕು ನಾಲ್ಕರಂತೆ ಕೋಲು ಬೀಸುತ್ತಿರಿ ಎಂದಿದ್ದರು ಭಾವ.

ಒಂದು ಪೆಟ್ಟಿಗಾಗಿ ಮುಕ್ಕಾಲು ಗಂಟೆ ನಿಲ್ಲುವುದೆಂದರೆ ಇರುವೆಗೂಡಿನ ಮೇಲೆ ನಿಂತಂತೆ. ಜಾಗಟೆ ಬಾರಿಸುವ ಕೊಡತಿ ಬೆವರಿಗೆ ಜಾರುತ್ತಿತ್ತು. ಕೊನೆಗೂ ಹೊಡೆದೆ. ಪಿಟೀಲುಗಳು ಧುಮುಕಿದವು. ತಾತ ತಬ್ಬಿಬ್ಬಾಗಿ ಕೈ ಎತ್ತಿಬಿಟ್ಟರು. ಮುಗಿದ ಮೇಲೆ ಮೃದಂಗಕ್ಕೆ ಗವಸು ಹಾಕಿಕೊಂಡು ಹೊರಟುಹೋದರು.

ಪಾಪ, ವಯಸ್ಸಾಯಿತು, ಲೆಕ್ಕ ತಪ್ಪಿದರು ಎಂದು ಊರಿಗೆಲ್ಲ ಹೇಳಿದವನು ನಾನು. ಆತಂಕ ತಡೆಯದೆ ಹೊರಗೆ ರಸ್ತೆಯಲ್ಲಿ ಅಡ್ಡಾಡುತ್ತಿದ್ದ ಭಾವ ಅದನ್ನೇ ನಂಬಿದರು. ಎರಡನೆಯ ಪ್ರದರ್ಶನಕ್ಕೆ ನೀವು ಬರುವುದು ಬೇಡ ಎಂದು ತಾತನಿಗೆ ಕಾಗದ ಬರೆದು, ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟರು.

ನಾಲ್ಕನೆಯ ದಿನ, ಒಗೆಯಲೆಂದು ನನ್ನ ಅಂಗಿ ಎತ್ತಿಕೊಂಡ ಅಕ್ಕನಿಗೆ ಜೇಬಿನಲ್ಲಿ ಅದು ಸಿಕ್ಕಿತು.

"ಇದ್ಯಾಕೋ ಇನ್ನೂ ಇಲ್ಲೇ ಇದೆ?"

"ಅಂಚೆಡಬ್ಬಿ ತುಂಬಿ ತುಳುಕ್ತಿತ್ತಕ್ಕ. ಒಂದು ಕಡ್ಡಿ ತೂರಿಸೋಕೂ ಜಾಗ ಇರ್ಲಿಲ್ಲ."

"ಮೂರು ದಿನಾನೂ? ರೈಲು ಬಿಡಬೇಡ. ಅವತ್ತು ಮುಂದಿನ ಸಾಲಲ್ಲಿ ತೊಡೆ ಮೇಲೆ ತಾಳ ಹಾಕ್ಕೊಂಡು ಕೂತಿದ್ದೆ ಕಣೋ. ನೀನು ಹೊಡೆದಿದ್ದು ಎಷ್ಟನೇ ಸುತ್ತಿಗೆ?"

"ಹನ್ನೆರಡು."

"ಎಂಟು."

"ಗೊತ್ತಿದ್ದೂ ಭಾವನಿಗೆ ಯಾಕೆ ಹೇಳ್ಲಿಲ್ಲ?"

"ಹೊಡೆದವನ ಬಾಯಲ್ಲೇ ಬರ್ಲಿ ಅಂತ ಕಾದೆ. ಈ ಕಾಗದ ಇರೋದು ಗೊತ್ತಿದ್ರೆ ಕಾಯ್ತಿರ್ಲಿಲ್ಲ."

ಅಷ್ಟರಲ್ಲಿ ಭಾವ ಒಳಗೆ ಬಂದರು. "ತಾತ ಏನಾದ್ರೂ ಬರೆದ್ರಾ?"

ಅಕ್ಕ ಒದ್ದೆ ಕೈಯಲ್ಲೇ ಕಾಗದವನ್ನು ನನ್ನ ಎದೆಗೆ ಒತ್ತಿದಳು. ಬಾಯಿಗೆ ಬಂದ ಮೂರು ಸುಳ್ಳನ್ನು ನುಂಗಿದೆ.

"ಭಾವ, ಇದನ್ನ ಹಾಕೇ ಇಲ್ಲ. ತಾತನ ಏಳೂ ಕೋಲಿನ ನಾಲ್ಕೂ ಆಗಾಗ ಒಂದೇ ಕಡೆ ಬಂದು ಕೂರ್ತವೆ. ನಾಲ್ಕನೇ ಸುತ್ತಲ್ಲಿ ಕೂತಾಗ ತಡ್ಕೊಂಡೆ. ಎಂಟರಲ್ಲಿ ಮತ್ತೆ ಕೂತಾಗ ಲೆಕ್ಕ ಹೋಗಿತ್ತು. ಅಷ್ಟು ಚೆನ್ನಾಗಿ ಕೂತದ್ದು ಕೇಳಿ ಇದೇ ಕೊನೆ ಅಂದ್ಕೊಂಡು ಬಾರಿಸಿಬಿಟ್ಟೆ. ತಾತ ತಪ್ಪಲಿಲ್ಲ. ನಾನು ತಪ್ಪಿದೆ, ಆಮೇಲೆ ಅವರ ತಲೆಗೆ ಕಟ್ಟಿದೆ."

ಭಾವ ಚಪ್ಪಲಿ ಮೆಟ್ಟಿಕೊಂಡು, ತಾತನ ಮನೆಗೆ ನಡಿ ಎಂಬಂತೆ ಬಾಗಿಲ ಕಡೆ ತಲೆ ಆಡಿಸಿದರು.

"ಕಂಬಗಳೂ ಸರಿದಿಲ್ಲ ಭಾವ," ಎಂದೆ, ಹಿಂದೆಯೇ ಹೋಗುತ್ತ.